ಕಲ್ಲಚ್ಚಿನಿಂದ ಮೊಳೆಗೆ: ಮೋಗ್ಲಿಂಗ್ ನಡೆದ ದಾರಿ

ಕಳೆದ ಹಿಂಗಾರಿನ ಒಂದು ಸಂಜೆ ಐಹೊಳೆಯಲ್ಲಿ ಒಂದು ಸಾಕ್ಷ್ಯಚಿತ್ರವನ್ನು ನೋಡಿದೆ. ಸಭಾಂಗಣವಿರಲಿಲ್ಲ, ಆಹ್ವಾನಪತ್ರಿಕೆಯೂ ಇರಲಿಲ್ಲ. ಮಿತ್ರರೊಬ್ಬರ ಮನೆಯ ಅಂಗಳದಲ್ಲಿ ಬಿಳಿಯ ಧೋತರವೊಂದನ್ನು ಗೋಡೆಗೆ ಬಿಗಿದು, ಎರವಲು ತಂದ ಪ್ರೊಜೆಕ್ಟರಿನಿಂದ ಅದರ ಮೇಲೆ ಚಿತ್ರ ಬಿಟ್ಟಿದ್ದರು. ಹುನಗುಂದ, ಇಳಕಲ್ಲ, ಬಾದಾಮಿಗಳಿಂದ ಬಂದ ಶಿಕ್ಷಕರು, ಕೆಲವು ಕಾಲೇಜು ವಿದ್ಯಾರ್ಥಿಗಳು, ಊರಿನ ಹಿರಿಯರು ಸೇರಿ ಸುಮಾರು ಮೂವತ್ತು ಮಂದಿ ಇದ್ದೆವು.

ಚಿತ್ರದ ಹೆಸರು ‘ಮೇಕಿಂಗ್ ಫೇಸಸ್’. ಅಮೆರಿಕದ ರಿಚರ್ಡ್ ಕೆಗ್ಲರ್ 2011ರಲ್ಲಿ ಹೊರತಂದದ್ದು. ಕೆನಡಾದ ಜಿಮ್ ರಿಮ್ಮರ್ ಎಂಬ ಅಕ್ಷರಶಿಲ್ಪಿ ತನ್ನ ಕಾರ್ಯಾಗಾರದಲ್ಲಿ ಕುಳಿತು ಒಂದೊಂದೇ ಅಕ್ಷರವನ್ನು ಬರೆದು, ಕೊರೆದು, ಲೋಹದಲ್ಲಿ ಎರೆದು ಮುದ್ರಣದ ಮೊಳೆಯಾಗಿಸುವುದನ್ನು ಅದು ತೋರಿಸುತ್ತದೆ. ಚಿತ್ರೋದ್ಯಮದ ಬಂಡವಾಳವಿಲ್ಲದೆ, ಅಕ್ಷರದ ಕಸುಬಿನವರೇ ಒಬ್ಬರು ಮತ್ತೊಬ್ಬ ಕಸುಬುದಾರನ ಬಗ್ಗೆ ತೆಗೆದ ಚಿತ್ರವದು. ಬಿಡುಗಡೆಯಾಗುವ ಹೊತ್ತಿಗೆ ರಿಮ್ಮರ್ ಬದುಕಿರಲಿಲ್ಲ, 2010ರಲ್ಲಿ ತೀರಿಕೊಂಡಿದ್ದರು. ಕ್ಯಾಮೆರಾ ಎರಡು ವರ್ಷ ತಡವಾಗಿ ಹೊರಟಿದ್ದರೆ ಆ ಕೈಗಳ ಚಲನೆ ಯಾರಿಗೂ ದಕ್ಕುತ್ತಿರಲಿಲ್ಲ.

ಚಿತ್ರ ಮುಗಿದ ಮೇಲೆ ಇಳಕಲ್ಲದಿಂದ ಬಂದಿದ್ದ ವೃದ್ಧರೊಬ್ಬರು ಮಾತನಾಡಿದರು. ನಾಲ್ಕು ದಶಕ ಕಂಪೋಸಿಟರ್ ಆಗಿ ದುಡಿದವರು. ಮದುವೆಯ ಕರೆಯೋಲೆ, ಸೀರೆ ಅಂಗಡಿಯ ರಸೀತಿ ಪುಸ್ತಕ, ಜಾತ್ರೆಯ ಹಸ್ತಪತ್ರ, ಚುನಾವಣೆಯ ಕರಪತ್ರ ಎಲ್ಲವನ್ನೂ ನಿಂತೇ ಜೋಡಿಸಿದವರು. ಇಂಗ್ಲಿಷ್ ಮಾತು ಅವರಿಗೆ ತಿಳಿದಿರಲಿಲ್ಲ. ಚಿತ್ರ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ದೇಶದವರ ಅಕ್ಷರಕ್ಕೆ ಮೊಳೆ ಎರೆದವರು ಯಾರೆಂದು ಈಗ ತಿಳಿಯಿತು; ನಾನು ಜೀವಮಾನವಿಡೀ ಹೆಕ್ಕಿದ ಕನ್ನಡದ ಮೊಳೆಯನ್ನು ಮೊದಲು ತಂದವರು ಯಾರು? ಅಲ್ಲಿದ್ದ ಪದವೀಧರರಾದ ನಾವು ಯಾರೂ ಸಮಾಧಾನಕರವಾಗಿ ಉತ್ತರಿಸಲಿಲ್ಲ.

ಮರುದಿನ ಮುಂಜಾನೆ ಮೇಗುತಿ ಗುಡ್ಡ ಹತ್ತಿದಾಗಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಅಲ್ಲಿನ ಜಿನಾಲಯದ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕವರ್ಷ 556, ಅಂದರೆ ಕ್ರಿ.ಶ. 634ರಲ್ಲಿ ಕೊರೆದ ಹತ್ತೊಂಬತ್ತು ಸಾಲು. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳಗನ್ನಡದ್ದು. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹಾಡುವ ಕವಿ ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನ ಹೆಸರನ್ನೂ ಇಟ್ಟುಕೊಂಡಿದ್ದಾನೆ. ಕಾಳಿದಾಸನ ಕಾಲವನ್ನು ನಿರ್ಣಯಿಸುವ ವಿದ್ವಾಂಸರು ಇಂದಿಗೂ ಈ ಗೋಡೆಯ ಬಳಿಗೆ ಬರಬೇಕು. ಧಾರವಾಡ ಸೀಮೆಯಲ್ಲಿ ಕೆಲಸ ಮಾಡಿದ ಸಿವಿಲ್ ಅಧಿಕಾರಿ ಜಾನ್ ಫ್ಲೀಟ್ 1876ರಲ್ಲಿ ಇದನ್ನು ಅಚ್ಚಿಗೆ ತಂದರು. ತೃಪ್ತಿಯಾಗದೆ 1879ರಲ್ಲಿ ತಿದ್ದಿ ಮತ್ತೊಮ್ಮೆ ಪ್ರಕಟಿಸಿದರು. ಕಲ್ಲಿನಲ್ಲಿ ಒಂದೇ ಪ್ರತಿಯಾಗಿ ಹನ್ನೆರಡು ಶತಮಾನ ನಿಂತಿದ್ದ ಬರಹ ಆಗ ನೂರಾರು ಓದುಗರ ಕೈಗೆ ಹೋಯಿತು. ಕಲ್ಲು ಅಕ್ಷರವನ್ನು ಕಾಪಾಡುತ್ತದೆ, ಹಂಚುವುದಿಲ್ಲ. ಹಂಚುವ ಕೆಲಸವನ್ನು ಕನ್ನಡದಲ್ಲಿ ಬಹುಕಾಲ ಮಾಡಿದ್ದು ಸೀಸದ ಮೊಳೆ.

ಹಾಗಾದರೆ ಆ ವೃದ್ಧರಿಗೆ ಯಾರ ಹೆಸರು ಹೇಳಬೇಕು? ಕನ್ನಡ ಮೊಳೆಗೆ ಒಬ್ಬನೇ ಜನಕನಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲಿನ ಅನುವಾದಕ್ಕಾಗಿ ಮುದ್ರಣಕ್ಕೆ ಕೈಹಾಕಿದ್ದರು. ರೀವ್ ಅವರ ನಿಘಂಟು 1832ರಲ್ಲಿ ಮದರಾಸಿನಿಂದ ಬಂದಿತ್ತು. ಇವೆಲ್ಲ ನಿಜ. ಆದರೂ ಆ ಪ್ರಶ್ನೆಗೆ ಉತ್ತರವನ್ನು ನಾನು ಹರ್ಮನ್ ಮೋಗ್ಲಿಂಗರಿಂದಲೇ ಆರಂಭಿಸುತ್ತೇನೆ. ವಿಚಿತ್ರವೆಂದರೆ, ಮೋಗ್ಲಿಂಗ್ ಮೊಳೆ ಎರೆದವರಲ್ಲ. ಅವರ ಮುಖ್ಯ ಕೆಲಸ ಬಹುಪಾಲು ನಡೆದದ್ದು ಕಲ್ಲಿನ ಮೇಲೆ. ಮೊಳೆಗೆ ಬೆಲೆ ಬರಬೇಕಾದರೆ ಓದುವವರು ಇರಬೇಕು, ಓದಿಸಬೇಕಾದ ಪುಸ್ತಕಗಳಿರಬೇಕು. ಅವೆರಡನ್ನೂ ಅವರು ಮೊದಲು ಮಾಡಿಟ್ಟರು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದರು. ಅಲ್ಲಿ ಅವರಿಗೆ ದೊರೆತ ಗೆಳೆಯ ಹರ್ಮನ್ ಗುಂಡರ್ಟ್. ಮುಂದೆ ಮಲಯಾಳದ ನಿಘಂಟು ಬರೆದು ಕೇರಳದಲ್ಲಿ ಮನೆಮಾತಾದವರು ಅವರೇ; ಕಾದಂಬರಿಕಾರ ಹರ್ಮನ್ ಹೆಸ್ಸೆಯ ಅಜ್ಜ. ಒಂದೇ ಕಾಲದಲ್ಲಿ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರು ಗೆಳೆಯರು ಪಶ್ಚಿಮ ಕರಾವಳಿಯ ಎರಡು ಭಾಷೆಗಳಿಗೆ ಹೀಗೆ ಒದಗಿಬಂದದ್ದು ಇತಿಹಾಸದ ಒಂದು ಆಕಸ್ಮಿಕ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಮೋಗ್ಲಿಂಗರನ್ನು 1836ರಲ್ಲಿ ಭಾರತಕ್ಕೆ ಕಳುಹಿಸಿತು. ಆ ಮಿಷನ್ ಮಂಗಳೂರಿಗೆ ಬಂದು ಆಗ ಎರಡೇ ವರ್ಷವಾಗಿತ್ತು.

ಅವರು ಬಂದದ್ದು ಕನ್ನಡದ ಸೇವೆಗಲ್ಲ, ಮತಪ್ರಚಾರಕ್ಕೆ. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಪ್ರಚಾರಕ್ಕೆ ಭಾಷೆ ಬೇಕು. ಭಾಷೆ ಕಲಿಯಲು ಹೊರಟವರನ್ನು ಭಾಷೆಯೇ ಸೆಳೆದುಕೊಂಡಿತು. ಮಂಗಳೂರಿನಲ್ಲಿ ಬಾಲಕರ ಶಾಲೆ ನಡೆಸಿದರು. ಪಾಠ ಹೇಳಲು ಪುಸ್ತಕಗಳಿರಲಿಲ್ಲ. ಓಲೆಗರಿಯ ಪ್ರತಿಗಳು ಮಠ, ಬಸದಿ, ದೇವಾಲಯಗಳಲ್ಲಿ, ಗಮಕಿಗಳ ಮನೆಗಳಲ್ಲಿ ಇದ್ದವು. ಕೊಂಡು ಓದುವ ಪುಸ್ತಕವೆಂಬ ವಸ್ತು ಕನ್ನಡ ಪೇಟೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು.

1841ರಲ್ಲಿ ಮಿಷನ್ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. ಅದು ಮೊಳೆಯಚ್ಚಲ್ಲ, ಕಲ್ಲಚ್ಚು. ಬವೇರಿಯಾದ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿಧಾನ. ನಯವಾಗಿ ಅರೆದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಎಳೆದರೆ ನೀರಿರುವ ಕಡೆ ಮಸಿ ಹತ್ತದು, ಜಿಡ್ಡಿರುವ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಬರಹ ಮೂಡುತ್ತದೆ. ಎಣ್ಣೆಗೂ ನೀರಿಗೂ ಇರುವ ಹಗೆಯೇ ಇದರ ಸೂತ್ರ. ಐಹೊಳೆಯ ಕಲ್ಲಿನಲ್ಲಿ ಅಕ್ಷರ ತಗ್ಗಾಗಿದ್ದರೆ ಇಲ್ಲಿ ತಗ್ಗೂ ಇಲ್ಲ, ಉಬ್ಬೂ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಆಯ್ಕೆ ಬಡತನದ ಜಾಣತನವಾಗಿ ಕಾಣುತ್ತದೆ. ಕಲ್ಲಚ್ಚಿಗೆ ಒಬ್ಬ ಒಳ್ಳೆಯ ಲಿಪಿಕಾರ, ಕೆಲವು ಕಲ್ಲುಗಳು ಮತ್ತು ಒಂದು ಒತ್ತುಯಂತ್ರವಿದ್ದರೆ ಸಾಕು. ಯಾವ ಲಿಪಿಯಾದರೂ ನಡೆದೀತು. ಆರಂಭದ ಹೂಡಿಕೆ ಅಲ್ಪ. ಆದರೆ ಪ್ರತಿ ಪುಟವನ್ನೂ ಕೈಯಲ್ಲೇ ಬರೆಯಬೇಕು. ತಪ್ಪಾದರೆ ತಿದ್ದುವುದು ಕಷ್ಟ. ಕೆಲಸ ಮುಗಿದ ಮೇಲೆ ಕಲ್ಲನ್ನು ಅರೆದು ಅಕ್ಷರ ಅಳಿಸಿದರೆ ಮಾತ್ರ ಮುಂದಿನ ಪುಟಕ್ಕೆ ಜಾಗ. ಮೊಳೆಯದು ಇದಕ್ಕೆ ವಿರುದ್ಧ. ಆರಂಭದಲ್ಲಿ ದೊಡ್ಡ ಗಂಟು ಸುರಿಯಬೇಕು. ಬಳಿಕ ಅದೇ ಮೊಳೆಗಳನ್ನು ಬಿಚ್ಚಿ ನೂರು ಪುಸ್ತಕಕ್ಕೆ ಬಳಸಬಹುದು. ಓದುಗರು ಎಷ್ಟು ಮಂದಿ ಎಂದೇ ತಿಳಿಯದಿದ್ದಾಗ ದೊಡ್ಡ ಗಂಟು ಸುರಿಯುವ ಧೈರ್ಯ ಯಾರಿಗೆ ಬರುತ್ತದೆ? ಮೊದಲು ಓದುಗರನ್ನು ಹುಡುಕಬೇಕಿತ್ತು.

ಮೋಗ್ಲಿಂಗ್ ಹುಡುಕಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಕಂಪನಿ ಸರ್ಕಾರದ ಕಾಯಿದೆಗಳು, ಪರದೇಶದ ವರ್ತಮಾನ, ಕಥೆ, ಹಾಡು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಸರ್ಕಾರದ ನಿಯಮವನ್ನು ಜನರ ಭಾಷೆಯಲ್ಲಿ ಜನರ ಕೈಗೆ ಕೊಡುವುದು ಎಷ್ಟು ದೊಡ್ಡ ಕೆಲಸವೆಂಬುದು ಆಡಳಿತದಲ್ಲಿ ಇದ್ದವರಿಗೆ ಗೊತ್ತು. ಸುತ್ತೋಲೆಗಳು ಕಡತದಲ್ಲೇ ಸಾಯುವುದನ್ನು ನಾನು ಮೂರು ದಶಕ ನೋಡಿದ್ದೇನೆ. ಒಂದು ದುಡ್ಡಿನ ಆ ಹಾಳೆ ಓದುಬರಹ ಬಲ್ಲ ಗುಮಾಸ್ತನನ್ನೂ ವ್ಯಾಪಾರಿಯನ್ನೂ ಮೊದಲ ಬಾರಿಗೆ ನಾಡಿನ ಸುದ್ದಿಗೆ ಪಾಲುದಾರನನ್ನಾಗಿ ಮಾಡಿತು. ಪ್ರತಿ ಜುಲೈ 1ನ್ನು ಕರ್ನಾಟಕದ ಪತ್ರಕರ್ತರು ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣಕ್ಕೆ.

ಮಂಗಳೂರಿನ ಆಚೆಯಿಂದಲೂ ಬೇಡಿಕೆ ಬಂತು. 1844ರ ಮಾರ್ಚಿನಿಂದ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಬಳ್ಳಾರಿಯಿಂದ ಮುದ್ರಣವಾಗತೊಡಗಿತು. ಅಲ್ಲಿ ಮೊಳೆಯಚ್ಚಿನ ಸೌಲಭ್ಯವಿತ್ತು. ಕನ್ನಡದ ಮೊದಲ ಪತ್ರಿಕೆ ಒಂದು ವರ್ಷ ತುಂಬುವ ಮೊದಲೇ ಕಲ್ಲನ್ನು ಬಿಟ್ಟು ಮೊಳೆಯನ್ನು ಅರಸಿ ಘಟ್ಟ ಹತ್ತಿತು. ಅದು ಬಹುಕಾಲ ಬಾಳಲಿಲ್ಲ. ಆದರೆ ಓದುಗರು ಇದ್ದಾರೆ ಎಂಬುದು ಸಿದ್ಧವಾಗಿತ್ತು.

ಅದೇ 1844ರಲ್ಲಿ ಮೋಗ್ಲಿಂಗರ ಶಾಲೆಯ ಬ್ರಾಹ್ಮಣ ತರುಣರು ಕೆಲವರು ಕ್ರೈಸ್ತ ಮತ ಸೇರಿದರು. ಆನಂದರಾವ್ ಕೌಂಡಿನ್ಯ ಅವರಲ್ಲಿ ಪ್ರಮುಖರು. ಮಂಗಳೂರು ಕುದಿಯಿತು. ತರುಣನನ್ನು ಕಳೆದುಕೊಂಡ ಮನೆಯ ನೋವನ್ನು ನಾವು ಹಗುರವಾಗಿ ಕಾಣಲಾಗದು. ಮೋಗ್ಲಿಂಗ್ ಶಿಷ್ಯನನ್ನು ಬಾಸೆಲಿಗೆ ಕರೆದೊಯ್ದರು. ಕೌಂಡಿನ್ಯರು ಅಲ್ಲಿ ಓದಿ ಪಾದ್ರಿಯಾಗಿ ಮರಳಿದರು. ಜಾತಿ ಹಾಗೂ ದೇವರುಗಳನ್ನು ಕುರಿತು ಮೋಗ್ಲಿಂಗ್ ಬರೆದ ವಾದದ ಪುಸ್ತಿಕೆಗಳೂ ಎದುರಾಳಿಗಳನ್ನು ಕೆರಳಿಸುವಂಥವೇ. ಅವರು ನಿರ್ಲಿಪ್ತ ವಿದ್ವಾಂಸರಾಗಿರಲಿಲ್ಲ. ತಾವು ನಂಬಿದ್ದೊಂದೇ ಸತ್ಯವೆಂಬ ಹಟ ಅವರಲ್ಲಿತ್ತು.

ಇದೇ ಮನುಷ್ಯ ಮುಂದೆ ಮಾಡಿದ ಕೆಲಸ ನನ್ನನ್ನು ಬೆರಗುಗೊಳಿಸುತ್ತದೆ. ತಾನು ಒಪ್ಪದ ದೇವರುಗಳ ಕಾವ್ಯವನ್ನು, ತಾನು ಬದಲಿಸಲು ಬಂದ ಜನರ ಭಕ್ತಿಗೀತೆಗಳನ್ನು ಅಚ್ಚಿಗೆ ತರಲು ಅವರು ಹೊರಟರು. ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ 1848ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ ಬಂತು. 1850ರಲ್ಲಿ ದಾಸರ ಪದಗಳು ಬಂದವು, ಬಸವಪುರಾಣ ಬಂತು. 1851ರಲ್ಲಿ ಚೆನ್ನಬಸವಪುರಾಣ ಬಂತು. ತೊರವೆ ರಾಮಾಯಣ, ಕುಮಾರವ್ಯಾಸನ ಭಾರತದ ಭಾಗಗಳೂ ಆ ಮಾಲೆಗೆ ಸೇರಿದವು. ಬ್ರಾಹ್ಮಣ, ವೀರಶೈವ, ದಾಸ ಪರಂಪರೆಗಳ ಕೃತಿಗಳು ಒಂದೇ ಮಾಲೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತವು. ಓಲೆಗರಿಯ ಲೋಕದಲ್ಲಿ ಇವು ಬೇರೆ ಬೇರೆ ಮನೆಗಳ ಸ್ವತ್ತು. ಅವನ್ನು ಕನ್ನಡಿಗರೆಲ್ಲರ ಸಾಹಿತ್ಯವೆಂದು ಒಂದು ಕಪಾಟಿನಲ್ಲಿ ಜೋಡಿಸಿಟ್ಟವರು ಹೊರಗಿನಿಂದ ಬಂದವರು.

ಈ ಮಾಲೆಗೆ ಹಣ ಎಲ್ಲಿಂದ ಬಂತು ಎಂಬುದನ್ನು ನಾನು ವಿಶೇಷವಾಗಿ ಹೇಳಬೇಕು. ಮಿಷನ್ನಿನ ಬೊಕ್ಕಸದಿಂದ ಪುರಾಣಗಳನ್ನು ಅಚ್ಚು ಹಾಕಿಸುವುದು ಸುಲಭವಿರಲಿಲ್ಲ; ಯೂರೋಪಿನ ಭಕ್ತರು ಕೊಟ್ಟ ಕಾಣಿಕೆ ಅದಕ್ಕಾಗಿ ಅಲ್ಲ. ಕೈಹಿಡಿದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಕಂಪನಿಯ ಮದರಾಸು ಸೇವೆಯಲ್ಲಿದ್ದು, ನಿವೃತ್ತಿಯ ನಂತರ ನೀಲಗಿರಿಯ ಕೇತಿ ಕಣಿವೆಯಲ್ಲಿ ನೆಲೆಸಿದ್ದವರು. ಮಾಲೆ ಪೂರ್ಣವಾಗುವುದನ್ನು ನೋಡುವ ಮೊದಲೇ, 1849ರಲ್ಲಿ ಅವರು ತೀರಿಕೊಂಡರು. ಪಿಂಚಣಿ ಪಡೆಯುವ ನನ್ನಂಥವರು ನಿವೃತ್ತಿಯ ಹಣವನ್ನು ನಿವೇಶನಕ್ಕೂ ಮಕ್ಕಳ ಮದುವೆಗೂ ಹಾಕುತ್ತೇವೆ. ಕಾಸಾಮೇಜರ್ ಅದನ್ನು ಜೈಮಿನಿ ಭಾರತಕ್ಕೆ ಹಾಕಿದರು. ಲಾಭವಿಲ್ಲ ಎಂದು ತಿಳಿದೇ ಹಾಕಿದರು. ಕನ್ನಡದ ಯಾವ ಊರಿನಲ್ಲೂ ಅವರ ಹೆಸರಿನ ಬೀದಿಯೊಂದನ್ನು ನಾನು ಕಂಡಿಲ್ಲ.

ಹೀಗೆ ಪುಸ್ತಕಗಳೂ ಓದುಗರೂ ಸಿದ್ಧವಾದ ಮೇಲೆ ಮಂಗಳೂರಿಗೆ ಮೊಳೆ ಬಂತು. 1850ರ ದಶಕದ ಮೊದಲಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಮಿಷನ್ ಮುದ್ರಣಾಲಯವನ್ನು ಕಲ್ಲಿನಿಂದ ಲೋಹಕ್ಕೆ ಒಯ್ದರು. 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದವರೂ ಇವರೇ. ಸೀಸದ ಅಕ್ಷರ, ಮಣ್ಣಿನ ಹಂಚು ಎರಡೂ ಒಬ್ಬನೇ ಮನುಷ್ಯನ ಕೈಯಿಂದ ಕರ್ನಾಟಕಕ್ಕೆ ಹರಡಿದವು. ಹಂಚಿಗೆ ಮಂಗಳೂರಿನ ಹೆಸರು ಉಳಿಯಿತು. ಅಕ್ಷರಕ್ಕೆ ಯಾರ ಹೆಸರೂ ಉಳಿಯಲಿಲ್ಲ.

ಕನ್ನಡಕ್ಕೆ ಮೊಳೆ ಮಾಡುವುದು ರಿಮ್ಮರ್ ಮಾಡಿದ ಕೆಲಸಕ್ಕಿಂತ ಹಲವು ಪಟ್ಟು ತೊಡಕಿನದು. ಹಳೆಯ ವಿಧಾನದಲ್ಲಿ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ, ಉಬ್ಬಾಗಿ ಕೊರೆಯಬೇಕು. ಆ ಕಡ್ಡಿಗೆ ಹದ ಕೊಟ್ಟು ತಾಮ್ರದ ತುಂಡಿನ ಮೇಲೆ ಬಡಿದರೆ ತಾಮ್ರದಲ್ಲಿ ಅಕ್ಷರದ ತಗ್ಗು ಮೂಡುತ್ತದೆ. ಆ ತಾಮ್ರವನ್ನು ಅಚ್ಚಿನೊಳಗೆ ಕೂರಿಸಿ, ಸೀಸ, ತವರ, ಆಂಟಿಮನಿ ಕೂಡಿಸಿ ಕರಗಿಸಿದ ಲೋಹವನ್ನು ಹೊಯ್ದರೆ ಮೊಳೆ ಸಿದ್ಧ. ಸೀಸವೊಂದೇ ಆದರೆ ಮೆತ್ತಗಾಗಿ ಒತ್ತಡಕ್ಕೆ ಸವೆಯುತ್ತದೆ. ಆಂಟಿಮನಿ ಅದಕ್ಕೆ ಗಡಸುತನ ಕೊಡುತ್ತದೆ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿದರೂ ಇಂಥ ನೂರು ಚಿಲ್ಲರೆ ರೂಪಗಳು ಸಾಕು. ನಮ್ಮ ಮೂವತ್ತನಾಲ್ಕು ವ್ಯಂಜನಗಳಿಗೆ ಹನ್ನೆರಡರಂತೆ ಕಾಗುಣಿತ ಹಿಡಿದರೆ ನಾನೂರು ದಾಟುತ್ತದೆ. ಒಂದು ವ್ಯಂಜನಕ್ಕೆ ಇನ್ನೊಂದರ ಒತ್ತು ಸೇರಿದರೆ 1,156 ಜೋಡಿಗಳು. ಅವಕ್ಕೆ ಮತ್ತೆ ಸ್ವರ ಸೇರಿದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ಎಲ್ಲವನ್ನೂ ಕೊರೆಯುವುದು ಅಸಾಧ್ಯ. ಆದುದರಿಂದ ಅಕ್ಷರವನ್ನು ತುಂಡುಗಳಾಗಿ ಒಡೆಯಬೇಕು: ಮೈ ಬೇರೆ, ಗುಡಿಸು, ಕೊಂಬು, ದೀರ್ಘ ಬೇರೆ, ಕೆಳಗೆ ತೂಗುವ ಒತ್ತು ಬೇರೆ. ಒಡೆದ ತುಂಡುಗಳು ಮತ್ತೆ ಕೂಡಿದಾಗ ಒಡಕು ಕಾಣಬಾರದು.

ಈ ಒಡೆಯುವ, ಕೂಡಿಸುವ ವಿವೇಕ ಯೂರೋಪಿನಿಂದ ಬಂದ ಯಂತ್ರದಲ್ಲಿ ಇರಲಿಲ್ಲ. ಅದು ಅಕ್ಷರವನ್ನು ಬಾಲ್ಯದಿಂದ ಬರೆದವರ ಕಣ್ಣಿನಲ್ಲಿತ್ತು, ಲೋಹವನ್ನು ಬಲ್ಲವರ ಕೈಯಲ್ಲಿತ್ತು. ಮಂಗಳೂರಿನಲ್ಲಿ ಕನ್ನಡದ ಮೊಳೆಗಳನ್ನು ರೂಪಿಸಿದವರ ಪೈಕಿ ಅತ್ತಾವರದ ಅನಂತಾಚಾರಿ ಎಂಬ ಹೆಸರು ನಮಗೆ ಉಳಿದು ಬಂದಿದೆ. ಅವರ ಜೊತೆಗೂ ಅವರ ನಂತರವೂ ಎಷ್ಟು ಮಂದಿ ಕುಲುಮೆಯ ಬಿಸಿಯಲ್ಲಿ, ಸೀಸದ ಹೊಗೆಯಲ್ಲಿ ದುಡಿದರೋ, ಹೆಸರಿಲ್ಲ. ಇಳಕಲ್ಲದ ಆ ವೃದ್ಧರು ನಿಜವಾಗಿ ಕೇಳಿದ್ದು ಇವರನ್ನೇ. ಪಾದ್ರಿಗಳ ಕಾಗದಪತ್ರಗಳು ಬಾಸೆಲಿನ ದಫ್ತರದಲ್ಲಿ ಜೋಪಾನವಾಗಿವೆ. ಮೊಳೆಯ ಕಸುಬುದಾರರಿಗೆ ದಫ್ತರವಿರಲಿಲ್ಲ.

ಮೋಗ್ಲಿಂಗರ ಉಳಿದ ಬದುಕನ್ನು ಬೇಗ ಹೇಳಬಹುದು. ಅಲಮಂಡ ಸೋಮಯ್ಯ ಎಂಬ ಕೊಡಗಿನ ಗೃಹಸ್ಥರು ಕ್ರೈಸ್ತರಾದಾಗ ಅವರ ಬೆಂಬಲಕ್ಕೆಂದು 1853ರ ಸುಮಾರಿಗೆ ಕೊಡಗಿಗೆ ಹೋದರು. ಅಲ್ಲಿನ ಚರಿತ್ರೆ, ಜನಜೀವನ ಕುರಿತು 1855ರಲ್ಲಿ ‘ಕೂರ್ಗ್ ಮೆಮೊಯರ್ಸ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಕನ್ನಡದ ಕೆಲಸದಲ್ಲಿ ಅವರ ಬಲಗೈಯಂತಿದ್ದ ಗಾಟ್‌ಫ್ರೀಡ್ ವೈಗ್ಲೆ ಅದೇ ವರ್ಷ ತೀರಿಕೊಂಡರು. ಇಬ್ಬರೂ ಕೂಡಿ ಕನ್ನಡ ಗಾದೆಗಳನ್ನು ಸಂಗ್ರಹಿಸಿದವರು. ವೈಗ್ಲೆಯ ವಿಧವೆ ಪೌಲೀನರನ್ನು ಮೋಗ್ಲಿಂಗ್ ಮದುವೆಯಾಗಿ ಗೆಳೆಯನ ಮಕ್ಕಳಿಗೂ ತಂದೆಯಾದರು. 1858ರಲ್ಲಿ ತಾವು ಓದಿದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡದ ಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಜರ್ಮನಿಗೆ ಮರಳಿದವರು ಮತ್ತೆ ಬರಲಿಲ್ಲ. ಅಲ್ಲಿಂದಲೂ ದಾಸರ ಪದಗಳನ್ನು ಜರ್ಮನ್ ಓದುಗರಿಗೆ ಪರಿಚಯಿಸಿದರು. 1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ನಿಧನರಾದರು. ಮರುವರ್ಷವೇ ಹಳೆಯ ಗೆಳೆಯ ಗುಂಡರ್ಟರ ಲೇಖನಿಯಿಂದ ಅವರ ಚರಿತ್ರೆ ಜರ್ಮನ್ ಭಾಷೆಯಲ್ಲಿ ಬಂತು.

ಇಪ್ಪತ್ತನಾಲ್ಕು ವರ್ಷ. ಭಾರತದಲ್ಲಿ ಅವರಿದ್ದದ್ದು ಅಷ್ಟೇ. ಅವರು ಬಿತ್ತಿದ್ದರ ಫಸಲನ್ನು ಕೊಯ್ದವರು 1853ರಲ್ಲಿ ಬಂದ ಕಿರಿಯ ಸಹೋದ್ಯೋಗಿ ಫರ್ಡಿನಾಂಡ್ ಕಿಟೆಲ್. 1894ರಲ್ಲಿ ಮಂಗಳೂರಿನ ಅದೇ ಮಿಷನ್ ಮುದ್ರಣಾಲಯದಿಂದ ಕಿಟೆಲ್ ನಿಘಂಟು ಬಂತು. ಎಪ್ಪತ್ತು ಸಾವಿರದಷ್ಟು ಪದಗಳು, ಪ್ರತಿ ಪುಟದಲ್ಲೂ ಎರಡು ಲಿಪಿಗಳ ಒತ್ತೊತ್ತಾದ ಜೋಡಣೆ. ಕಲ್ಲಚ್ಚಿನಲ್ಲಿ ಇಂಥದನ್ನು ಊಹಿಸಲೂ ಆಗದು. ಬಿ.ಎಲ್. ರೈಸರ ಶಾಸನ ಸಂಪುಟಗಳಲ್ಲಿ ಕೆಲವು ಅಚ್ಚಾದದ್ದೂ ಅಲ್ಲಿಯೇ. ಸಾವಿರ ವರ್ಷ ಕಲ್ಲಿನಲ್ಲಿದ್ದ ಬರಹಗಳು ಮಂಗಳೂರಿನ ಮೊಳೆಗಳಲ್ಲಿ ಮತ್ತೆ ಓದಿಗೆ ಬಂದವು. ಐಹೊಳೆಯಿಂದ ದೂರವಲ್ಲದ ಗುಳೇದಗುಡ್ಡದಲ್ಲಿ ಮಿಷನ್ 1851ರಲ್ಲೇ ನೆಲೆ ಮಾಡಿತ್ತು. ಆದುದರಿಂದ ನಮ್ಮ ಸೀಮೆಗೂ ಈ ಕಥೆ ಪರಕೀಯವಲ್ಲ.

ಮತಪ್ರಚಾರಕರ ಕೆಲಸವನ್ನು ನಾವು ಇಷ್ಟು ಕೊಂಡಾಡಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉದ್ದೇಶವನ್ನು ಮರೆತು ಫಲವನ್ನು ಮಾತ್ರ ಹೊಗಳುವುದು ಅರ್ಧಸತ್ಯ. ಫಲವನ್ನು ಮರೆತು ಉದ್ದೇಶವನ್ನು ಮಾತ್ರ ತೆಗಳುವುದೂ ಅರ್ಧಸತ್ಯವೇ. ಆಡಳಿತದಲ್ಲಿ ನಾನು ಕಲಿತದ್ದೆಂದರೆ, ಸದುದ್ದೇಶದ ಯೋಜನೆಗಳು ಏನೂ ಮಾಡದೆ ಮುಗಿಯುವುದುಂಟು; ಬೇರೆ ಉದ್ದೇಶದಿಂದ ತೋಡಿದ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಹರಿಯುವುದುಂಟು. ಮೋಗ್ಲಿಂಗ್ ನಿರೀಕ್ಷಿಸಿದಂತೆ ಕನ್ನಡ ನಾಡು ಕ್ರೈಸ್ತವಾಗಲಿಲ್ಲ. ಅವರು ಅಚ್ಚು ಹಾಕಿಸಿದ ಜೈಮಿನಿ ಭಾರತ ಮಾತ್ರ ಮನೆಮನೆ ಸೇರಿತು.

ಈಗ ಆ ಮೊಳೆಗಳ ಕಾಲವೂ ಮುಗಿದಿದೆ. ಕಂಪ್ಯೂಟರಿನ ಅಕ್ಷರ ಬಂದ ಮೇಲೆ ಜಿಲ್ಲೆ ಜಿಲ್ಲೆಗಳ ಸಣ್ಣ ಮುದ್ರಣಾಲಯಗಳು ಮೊಳೆಯ ಖಾನೆಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಹೊಸ ವಿಧಾನ ಅಗ್ಗ, ವೇಗ. ಹಳೆಯ ಮೊಳೆಗೆ ಮರಳಿರೆಂದು ಹೇಳುವಷ್ಟು ಅವ್ಯವಹಾರಿ ನಾನಲ್ಲ. ಆದರೆ ಒಂದು ಕಸುಬು ಅಳಿಯುವುದು ಬೇರೆ, ಅದರ ನೆನಪೂ ದಾಖಲೆಯಿಲ್ಲದೆ ಅಳಿಯುವುದು ಬೇರೆ. ಯಾವ ಖಾನೆಯಲ್ಲಿ ಯಾವ ಅಕ್ಷರ ಏಕೆ ಇತ್ತು, ಹೆಚ್ಚು ಬಳಸುವ ಅಕ್ಷರ ಕೈಗೆ ಎಷ್ಟು ಹತ್ತಿರವಿತ್ತು, ತಿರುಗುಮುರುಗಾದ ಕನ್ನಡವನ್ನು ಕಣ್ಣು ಓದಲು ಕಲಿತದ್ದು ಹೇಗೆ, ಸೀಸ ಮುಟ್ಟಿದ ಕೈಯಲ್ಲಿ ಊಟ ಮಾಡಿದವರ ಆರೋಗ್ಯ ಏನಾಯಿತು ಎಂಬುದನ್ನು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಎಲ್ಲರೂ ವಯಸ್ಸಾದವರು.

ಕನ್ನಡ ಮೊಳೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಬೇಕು. ಅದಕ್ಕೆ ಕೋಟಿಗಳು ಬೇಡ. ಇಂದಿನ ಕ್ಯಾಮೆರಾ ಒಬ್ಬ ಕಾಲೇಜು ತರುಣನ ಜೇಬಿನಲ್ಲಿದೆ. ಬೇಕಾದದ್ದು ಹಳ್ಳಿ, ಪಟ್ಟಣ ಅಲೆಯುವ ತಾಳ್ಮೆ ಮತ್ತು ಕಾಸಾಮೇಜರ್ ಅಂಥ ಒಬ್ಬಿಬ್ಬರ ನೆರವು. ಪಿಂಚಣಿದಾರರ ಸಂಘಗಳು, ಮುದ್ರಕರ ಸಂಘಗಳು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ. ಸರ್ಕಾರದ ಆದೇಶಕ್ಕೆ ಕಾಯಬಾರದೆಂಬುದು ಆದೇಶಗಳನ್ನು ಬರೆದವನೊಬ್ಬನ ವಿನಂತಿ. ಚಿತ್ರ ಸಿದ್ಧವಾದರೆ ಮೊದಲ ಪ್ರದರ್ಶನ ಬೆಂಗಳೂರಿನ ತಂಪು ಸಭಾಂಗಣದಲ್ಲಿ ಬೇಡ. ಐಹೊಳೆಯ ಅದೇ ಅಂಗಳದಲ್ಲಿ ಆಗಲಿ. ಮೊಳೆ ಜೋಡಿಸಿದವರು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ.

ಕೆಲವು ವಾರಗಳ ಬಳಿಕ ನಾನು ಇಳಕಲ್ಲಕ್ಕೆ ಹೋಗಿ ಆ ವೃದ್ಧರಿಗೆ ಮೋಗ್ಲಿಂಗ್, ಪ್ಲೆಬ್ಸ್ಟ್, ಅನಂತಾಚಾರಿಯವರ ಕಥೆ ಹೇಳಿದೆ. ಗಮನವಿಟ್ಟು ಕೇಳಿದರು. ಪಾದ್ರಿಯ ಊರು, ಪದವಿ ಯಾವುದನ್ನೂ ವಿಚಾರಿಸಲಿಲ್ಲ. ಒಂದು ಕಲ್ಲಿನಿಂದ ಎಷ್ಟು ಪ್ರತಿ ತೆಗೆಯುತ್ತಿದ್ದರು, ಒತ್ತಕ್ಷರ ಮೂಲದಲ್ಲಿ ಎಷ್ಟು ಮೊಳೆ ಇದ್ದವು, ಅನಂತಾಚಾರಿಯವರಿಗೆ ಕೂಲಿ ಎಷ್ಟು ಕೊಡುತ್ತಿದ್ದರು ಎಂದು ಕೇಳಿದರು. ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಒಳಗೆ ಹೋಗಿ ಒಂದು ಹಳೆಯ ತಂಬಾಕಿನ ಡಬ್ಬಿ ತಂದು ನನ್ನ ಅಂಗೈಯಲ್ಲಿ ಮಗುಚಿದರು. ಮುದ್ರಣಾಲಯ ಮುಚ್ಚಿದ ದಿನ ಅವರು ಉಳಿಸಿಕೊಂಡ ಮೊಳೆಗಳು. ಬೆಳಕಿಗೆ ಹಿಡಿದು ಓದಲು ಯತ್ನಿಸಿದೆ. ನಾನು ತಡವರಿಸುವಷ್ಟರಲ್ಲಿ ಅವರು ಬೆರಳಿನಿಂದ ಸವರಿಯೇ ಒಂದೊಂದರ ಹೆಸರು ಹೇಳಿ ಮುಗಿಸಿದ್ದರು.